ಅವ್ವನ ಗುಂಟೆ

ಲಿಂಗಸುಗೂರು
24 ಆಗಸ್ಟ್ 2025, ಭಾನುವಾರ

ಅವ್ವನಿಗೆ,

ನಾನು ಇಲ್ಲಿ ಕ್ಷೇಮ, ನೀವು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂಬ ಸಾಲನ್ನು ಈ ಸಲ ಬರೆಯುವುದಿಲ್ಲ. ವಸತಿ ಶಾಲೆಯಲ್ಲಿ ಐದು ವರ್ಷ ಅದನ್ನೇ ಬರೆಸಿದರು. ತಿಂಗಳಿಗೊಮ್ಮೆ ವಾರ್ಡನ್ ಮೇಡಂ ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ನಲವತ್ತು ಹುಡುಗಿಯರು ನಲವತ್ತು ಅವ್ವಂದಿರಿಗೆ ಅದನ್ನು ಇಳಿಸಿಕೊಂಡು ಕಳಿಸುತ್ತಿದ್ದೆವು. ಕಾಮಾಲೆಯಾಗಿ ಹದಿನೈದು ದಿನ ಮಲಗಿದಾಗಲೂ ನಾನು ಕ್ಷೇಮವೇ ಇದ್ದೆ, ನೆನಪಿದೆಯಲ್ಲ. ಈಗ ಕ್ಷೇಮವಿಲ್ಲ. ಒಂದು ವಾರದಿಂದ ಮೆಸ್ಸಿನ ಅನ್ನ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೇನೆ. ಕ್ಲಾಸಿನಲ್ಲಿ ಸರ್ ನನ್ನ ಹೆಸರು ಕೂಗಬಾರದೆಂದು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಸ್ಪೀಕರ್‌ಗೆ ಹಾಕುತ್ತೀಯ. ಬದುವಿನ ಮೇಲೆ ಫೋನ್ ಇಟ್ಟು, "ನಮ್ಮ ಇಂಜಿನಿಯರಮ್ಮ ಮಾತಾಡಾಕತ್ಯಾಳ, ಕೇಳ್ರಿ ಬೇ" ಎಂದು ಗುಂಪಿನ ಹದಿನಾಲ್ಕು ಹೆಂಗಸರನ್ನೂ ಕರೆಯುತ್ತೀಯ. ಈ ಮಾತನ್ನು ಅವರು ನನ್ನ ಫೋನಿನಿಂದ ಕೇಳಬಾರದು. ನಿನ್ನ ಬಾಯಿಂದ ಕೇಳಬೇಕು. ಅದಕ್ಕೇ ಪತ್ರ. ನೀನು ಐದನೇ ಕ್ಲಾಸ್ ಓದಿದವಳು, ಬೆರಳಿಟ್ಟುಕೊಂಡು ನಿಧಾನಕ್ಕೆ ಓದು. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಅಪ್ಪನ ಕೈಗೆ ಕೊಡಬೇಡ. ಅವನು ಓದಿದರೆ "ತಾಯಿಗೆ ಹಿಂಗ ಬರೀತಾರೇನು" ಎಂದು ನನ್ನನ್ನೇ ಬೈಯುತ್ತಾನೆ, ವಿಷಯ ಅಲ್ಲಿಗೆ ಮುಗಿಯುತ್ತದೆ.

ಮೊದಲು ಕ್ಲಾಸಿನಲ್ಲಿ ಆದದ್ದನ್ನು ಹೇಳುತ್ತೇನೆ, ಮೊನ್ನೆ ಊರಿಗೆ ಬಂದಾಗ ನಿನಗೆ ಇದನ್ನು ಪೂರ್ತಿ ಹೇಳಲಿಲ್ಲ.

ಸ್ವಾತಂತ್ರ್ಯ ದಿನಾಚರಣೆಯ ಹಿಂದಿನ ವಾರ ನಮ್ಮ ಡಿಪ್ಲೊಮಾ ಮೊದಲ ವರ್ಷದವರಿಗೆ ಸರ್ವೆ ಪ್ರಾಕ್ಟಿಕಲ್ ಇತ್ತು. ಸರ್ ಅರ್ಧ ಇಂಗ್ಲಿಷಿನಲ್ಲೇ ಹೇಳುತ್ತಾರೆ, ನನಗೆ ಅದರಲ್ಲಿ ಅರ್ಧ ತಿಳಿಯುತ್ತದೆ. ಆದರೆ ಅವತ್ತಿನದು ಪೂರ್ತಿ ತಿಳಿಯಿತು. ಗ್ರೌಂಡಿನಲ್ಲಿ ಟೇಪು ಹಿಡಿಸಿ, ನಾಲ್ಕು ಮೂಲೆಗೆ ಗೂಟ ಹೊಡೆಸಿ, ಸುಣ್ಣದ ಪುಡಿಯಿಂದ ಗೆರೆ ಎಳೆಸಿದರು. ಉದ್ದ ಮೂವತ್ತಮೂರು ಅಡಿ, ಅಗಲ ಮೂವತ್ತಮೂರು ಅಡಿ. ಇದು ಒಂದು ಗುಂಟೆ, ಇಂಥ ನಲವತ್ತು ಸೇರಿದರೆ ಎಕರೆ ಎಂದರು. ನಾನು ಮೊದಲ ದಿನವೇ ಎದ್ದು ನಿಂತು ಜಂಬ ಕೊಚ್ಚಿದ್ದೆ. ನಮ್ಮವ್ವ ಬಳಗಾನೂರಿನಲ್ಲಿ ನೆಲ್ಲು ನಾಟಿ ಹಚ್ಚುವ ಗುಂಪಿನ ಮೇಸ್ತ್ರಿ, ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿಯುತ್ತಾಳೆ, ಸಂಜೆ ಹಗ್ಗ ಹಿಡಿದು ಹೊಲ ಅಳೆಯುವವಳು ಅವಳೇ ಎಂದು. ಸರ್ ಅದನ್ನು ಮರೆತಿರಲಿಲ್ಲ. ನನ್ನನ್ನು ಕರೆದು, "ಬಾರವ್ವ ಜಯಶ್ರೀ, ನಡೆದು ನೋಡಿ ಹೇಳು. ನಿಮ್ಮವ್ವನ ಗುಂಟೆಗೆ ಇದು ಬರೋಬ್ಬರಿ ಐತೇನು?" ಎಂದು ಕೇಳಿದರು.

ಗೆರೆಯ ಮೇಲೆ ನಡೆದೆ. ಹದಿಮೂರು ಹೆಜ್ಜೆಗೆ ಮೂಲೆ ಬಂದುಬಿಟ್ಟಿತು.

ಅವ್ವ, ನಿನ್ನ ಹಗ್ಗದ ಆ ತುದಿ ಹಿಡಿದು ಎಷ್ಟು ಹೊಲ ನಡೆದಿದ್ದೇನೆ. ಕಳೆದ ಸಂಕ್ರಾಂತಿ ರಜೆಯಲ್ಲೂ ನಡೆದೆ. ನಿನ್ನ ಹಗ್ಗಕ್ಕೆ ನನ್ನ ಕಾಲಿನ ಲೆಕ್ಕ ಹದಿನಾಲ್ಕು. ಇನ್ನೊಂದು ಹೆಜ್ಜೆ ಹಾಕಲು ಎತ್ತಿದ ಕಾಲನ್ನು ಸುಣ್ಣದ ಗೆರೆಯ ಮೇಲೆ ಹಾಗೇ ಇಳಿಸಿದೆ.

"ಬರೋಬ್ಬರಿ ಐತಿ ಸರ್" ಎಂದೆ. ಇಡೀ ಕ್ಲಾಸಿನ ಮುಂದೆ.

ಹದಿನೈದನೇ ತಾರೀಖು ಧ್ವಜ ಏರಿಸಿದ ಮೇಲೆ ಸರ್‌ಗೆ ಕೇಳಿ ಟೇಪು ಬ್ಯಾಗಿನಲ್ಲಿ ಇಟ್ಟುಕೊಂಡೆ. ಮಸ್ಕಿಯಲ್ಲಿ ಬಸ್ ಬದಲಿಸುವಾಗ ವಾಪಸ್ ಹೋಗಿಬಿಡೋಣ ಎನಿಸಿತು. ಬಳಗಾನೂರಿನ ಬಸ್ ಹತ್ತಿದೆ. ಮನೆಗೆ ಬಂದಾಗ ನೀನು ಇನ್ನೂ ಹೊಲದಿಂದ ಬಂದಿರಲಿಲ್ಲ, ಅವತ್ತು ಬರೀ ಸಸಿ ಕೀಳುವ ಕೆಲಸವಾದ್ದರಿಂದ ಹಗ್ಗ ಬಾಗಿಲ ಹಿಂದಿನ ಗೂಟದಲ್ಲೇ ಇತ್ತು. ಹಳದಿ ನೈಲಾನ್, ಎರಡು ತುದಿಗೂ ಕೆಂಪು ಬಟ್ಟೆ, ಮೇಲೆ ಅರಿಶಿನ. ಅಂಗಳದಲ್ಲಿ ಹಾಸಿ ಟೇಪು ಹಿಡಿದೆ. ಮೂವತ್ತಾರು ಅಡಿ. ಟೇಪು ತಿರುಗಿಸಿ ಹಿಡಿದೆ. ಮೂವತ್ತಾರು. ಮೂರನೇ ಸಲ ಹಿಡಿಯುವಾಗ ತುದಿ ಜಾರಿ ಟೇಪು ಸರ್ರೆಂದು ಒಳಗೆ ಸುತ್ತಿಕೊಂಡು ಬೆರಳು ಕೊಯ್ಯಿತು. ಉಳ್ಳಾಗಡ್ಡಿ ಹೆಚ್ಚುವಾಗ ಕೊಯ್ದುಕೊಂಡೆ ಎಂದು ನಿನಗೆ ಹೇಳಿದೆ. ನೀನು ಅರಿಶಿನ ಹಚ್ಚಿದೆ.

ಆಮೇಲೆ ಬಟ್ಟೆ ಒಣಹಾಕಿರುವ ಹಗ್ಗ ಕಣ್ಣಿಗೆ ಬಿತ್ತು. ಅದು ನಿಮ್ಮ ಗುಂಪಿಗೆಲ್ಲ ಹಿರಿಯಳಾದ ಗ್ಯಾನಮ್ಮಾಯಿ ಹೊಸೆದ ಪುಂಡಿ ನಾರಿನ ಹಳೇ ಅಳತೆ ಹಗ್ಗ. ಅದರ ಮೇಲೆ ನಿನ್ನ ಸೀರೆ ಹರವಿತ್ತು. ಅದನ್ನೂ ಅಳೆದೆ. ಮೂವತ್ತಮೂರಕ್ಕೆ ಒಂದು ಗೇಣು ಕಡಿಮೆ.

ನಿನಗೆ ನೆನಪು ಮಾಡಿಕೊಡಬೇಕೇ? ಮೂರು ವರ್ಷದ ಹಿಂದೆ ಧಣಿಯ ಹೊಲ ನೋಡಿಕೊಳ್ಳುವ ನರಸಣ್ಣನೇ ಅಳತೆ ಮಾಡುತ್ತಿದ್ದ. ಊರಿಗೆ ಸರ್ವೆಯವರು ಬಂದಾಗ ಅವನ ಹಗ್ಗವನ್ನು ಅವರ ಟೇಪಿಗೆ ಹಿಡಿಸಿದವಳು ನೀನು. ಉದ್ದ ಜಾಸ್ತಿ ಬಂತು. ಎಲ್ಲರ ಎದುರು ಆ ಹಗ್ಗವನ್ನು ಸುತ್ತಿ ಕಾಲುವೆಗೆ ಒಗೆದವಳು ನೀನು. "ಹೋಗ್ರಿ ನರಸಣ್ಣ, ನಿಮ್ಮ ಗುಂಟೆ ತುಂಗಭದ್ರಾದಾಗ ತೇಲಾಕತ್ತೈತಿ, ಹಿಡಕೊಂಡ ಬರ್ರಿ" ಎಂದು ನೀನು ಅಂದದ್ದನ್ನು ಊರು ಇವತ್ತಿಗೂ ಹೇಳಿ ನಗುತ್ತದೆ. ಅವತ್ತೇ ಅಲ್ಲವೇ ನೀನು ಮೇಸ್ತ್ರಿಯಾದದ್ದು. ಅವತ್ತು ರಾತ್ರಿಯಿಂದಲೇ ಅಲ್ಲವೇ ಗ್ಯಾನಮ್ಮಾಯಿ ಪುಂಡಿ ನಾರು ಹೊಸೆಯಲು ಕೂತದ್ದು. ಹೆಂಗಸರ ಕೈಯ ಹಗ್ಗ, ಹೆಂಗಸರೇ ಹಿಡಿಯುವ ಹಗ್ಗ. ನಾನು ಹಾಸ್ಟೆಲಿನಲ್ಲಿ ಅದನ್ನು ಪ್ರಬಂಧ ಬರೆದು ಫಸ್ಟ್ ಪ್ರೈಜ್ ತಗೊಂಡೆ. ನನ್ನ ಆದರ್ಶ ವ್ಯಕ್ತಿ ಎಂದು.

ಆ ಹಗ್ಗ ಬಾಳಿದ್ದು ಒಂದೇ ಹಂಗಾಮು. ಮುಂದಿನ ಸಂಕ್ರಾಂತಿಗೆ ನೈಲಾನ್ ಬಂತು. "ನಾರಿನ ಹಗ್ಗ ನೀರಿಗೆ ಕುಗ್ಗತೈತಿ, ನೈಲಾನ್ ಇದ್ದಂಗ ಇರತೈತಿ" ಎಂದು ನೀನು ಗುಂಪಿಗೆ ಹೇಳಿದೆ. ಕುಗ್ಗುವುದು ನಿಜ. ಒಂದು ಗೇಣು ಕುಗ್ಗಿದೆ. ಆದರೆ ಕುಗ್ಗಿದರೆ ಲಾಭ ಯಾರಿಗೆ ಅವ್ವ? ಬಗ್ಗಿ ಸಸಿ ಊರುವವರಿಗೆ. ಅಷ್ಟನ್ನೂ ಯಾರೂ ಕೇಳಲಿಲ್ಲ, ಯಾಕೆಂದರೆ ಹೇಳಿದವಳು ಹಗ್ಗವನ್ನು ಕಾಲುವೆಗೆ ಒಗೆದ ಆದಮ್ಮ, ನನ್ನವ್ವ.

ಮರುದಿನ ಶನಿವಾರ ನಿನ್ನ ಜೊತೆ ಹೊಲಕ್ಕೆ ಬಂದೆನಲ್ಲ, ಮಾತಾಡಲಿಕ್ಕೆಂದೇ ಬಂದದ್ದು. ಸಾಲಾಗಿ ಬಗ್ಗಿದ್ದರು ಎಲ್ಲರೂ. ಹಸೀನಾಬೀ ಚಿಕ್ಕಮ್ಮ ಸೊಂಟಕ್ಕೆ ಹಳೇ ಸೀರೆ ಬಿಗಿದು ಕಟ್ಟಿಕೊಂಡಿದ್ದಳು. ನನ್ನನ್ನು ನೋಡಿ, "ಏನ್ ಬೇ ಇಂಜಿನಿಯರಮ್ಮ, ಬಗ್ಗಲಾರದಂಗ ನೆಲ್ಲು ಹಚ್ಚೋ ಮಷೀನ್ ಯಾವಾಗ ಮಾಡ್ತೀ? ನಾ ಸತ್ತ ಮ್ಯಾಲೇನು?" ಎಂದು ಕೇಳಿದಳು. ಎಲ್ಲರೂ ಕೆಸರಿನಲ್ಲೇ ನಕ್ಕರು. ಗ್ಯಾನಮ್ಮಾಯಿ ನಗಲಿಕ್ಕೆ ಎದ್ದು ನಿಲ್ಲಲು ಹೋಗಿ ಪೂರ್ತಿ ನಿಲ್ಲಲಾಗದೆ ಮೊಣಕಾಲಿಗೆ ಕೈ ಕೊಟ್ಟು ಅರ್ಧಕ್ಕೇ ನಿಂತಳು. ಈ ನಡುವೆ ಯಾಕೋ ಸಂಜೆಯಾದರೂ ಮಡಿ ಮುಗಿಯುವುದೇ ಇಲ್ಲ, ವಯಸ್ಸಾಯಿತು ಎಂದಳು. ವಯಸ್ಸಾಗಿಲ್ಲ ಅವ್ವ. ಹೊಲ ದೊಡ್ಡದಾಗಿದೆ. ಇದನ್ನು ಅವಳಿಗೆ ಯಾರು ಹೇಳಬೇಕು?

ಸಂಜೆ ನೀನು ಹಗ್ಗ ಬಿಚ್ಚಿದಾಗ ಹಸೀನಾಬೀ ಅದನ್ನು ಕಣ್ಣಿಗೆ ಒತ್ತಿಕೊಂಡು ನಿನ್ನ ಕೈಗೆ ಕೊಟ್ಟಳು. "ನಿಮ್ಮವ್ವನ ಹಗ್ಗ ಅಂದ್ರ ಇಮಾನ್ ನೋಡು" ಎಂದು ನನಗೆ ಹೇಳಿದಳು. ನೀನು ಅವಳ ಮುಖ ನೋಡಲಿಲ್ಲ. ನಾನು ನಿನ್ನ ಮುಖ ನೋಡುತ್ತಿದ್ದೆ.

ಮನೆಗೆ ಬಂದು ನೀನು ರೊಟ್ಟಿಗೆ ಕೂತಾಗ ಟೇಪು ತಂದು ಹಿಟ್ಟಿನ ಪರಾತದ ಪಕ್ಕ ಇಟ್ಟೆ. ಹಗ್ಗ ಮೂವತ್ತಾರು ಅಡಿ ಇದೆ ಎಂದೆ. ನೀನು ಇಲ್ಲ ಎನ್ನುತ್ತೀಯ ಎಂದುಕೊಂಡಿದ್ದೆ. ಇಲ್ಲ ಎಂದಿದ್ದರೆ ನಂಬಿಬಿಡುತ್ತಿದ್ದೆನೇನೋ. ನೀನು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಅವ್ವನ್ನ ಅಳಿಯಾಕ ಟೇಪು ತಂದೀಯೇನ್ ಬೇ?" ಎಂದೆ. ಆಮೇಲೆ ನೀನು ಆಡಿದ ಮಾತುಗಳು ನನಗೆ ಬಾಯಿಪಾಠ. ಊರಿನಲ್ಲಿ ಯಾರ ಹಗ್ಗ ಸರಿ ಇದೆ ಎಂದೆ. ಈ ಹಗ್ಗ ಹಿಡಿಯದಿದ್ದರೆ ನರಸಣ್ಣ ಬೇರೆ ಗುಂಪು ತರುತ್ತಾನೆ, ಆಗ ಹದಿನಾಲ್ಕು ಮಂದಿಗೂ ಕೆಲಸವಿಲ್ಲ ಎಂದೆ. "ಮೂರು ಅಡಿ ಅಂದ್ರ ಎಷ್ಟಾತು? ಅರ್ಧ ಮಾರು. ಹದಿನಾಕು ಮಂದ್ಯಾಗ ಹಂಚಿದ್ರ ಒಬ್ಬಾಕಿಗೆ ಎರಡು ಹಿಡಿ ಸಸಿ. ಯಾರ ಬೆನ್ನು ಮುರೀತೈತಿ?" ಎಂದೆ.

ಕೊನೆಗೆ ನೀನು ನನ್ನ ಓದನ್ನು ನಡುವೆ ಎಳೆದೆ. "ನಿನ್ನ ಸಲುವಾಗಿ" ಎಂದೆ.

ಅದನ್ನು ಇನ್ನೊಂದು ಸಲ ಹೇಳಬೇಡ. ನನ್ನ ಹಾಸ್ಟೆಲ್ ಸರ್ಕಾರದ್ದು. ನನ್ನ ತಟ್ಟೆಯ ಅನ್ನ ಸರ್ಕಾರದ್ದು. ಪುಸ್ತಕ ಸ್ಕಾಲರ್‌ಶಿಪ್ಪಿನದು. ಬಸ್ಸಿಗೂ ಟಿಕೆಟ್ ಇಲ್ಲ. ನಿನ್ನ ಹಗ್ಗದ ಮೂರು ಅಡಿ ನನ್ನ ಯಾವ ಸೆಮಿಸ್ಟರಿಗೆ ಬಂತು ತೋರಿಸು. ಅದು ಎಲ್ಲಿಗೆ ಹೋಯಿತು ಎಂದು ನಾನು ತೋರಿಸುತ್ತೇನೆ. ಪ್ರತಿ ನಾಟಿ ಮುಗಿದ ಮೇಲೆ ನರಸಣ್ಣ ಗುಟ್ಟಾಗಿ ಕೊಟ್ಟ ದುಡ್ಡು ಹಿಡಿದು ನೀನು ಒಬ್ಬಳೇ ಸಿಂಧನೂರಿನ ಅಕ್ಕಸಾಲಿಗರ ಅಂಗಡಿಗೆ ಹೋಗಿ ಬರುತ್ತೀಯ. ರವಿಕೆಯ ಒಳಗೆ ಬೋರಮಾಳ ಇದೆ. ಮೊದಲು ಕರಿಮಣಿಯ ನಡುವೆ ನಾಲ್ಕು ಬಂಗಾರದ ಗುಂಡು ಇದ್ದದ್ದು ಈಗ ಕರಿಮಣಿಯೇ ಕಾಣುವುದಿಲ್ಲ. ಗುಂಪಿನ ಹೆಂಗಸರ ಎದುರು ಸೆರಗು ಕತ್ತಿನ ತನಕ ಎಳೆದುಕೊಳ್ಳುತ್ತೀಯ. ಚಿನ್ನ ಮಾಡಿಸಿಕೊಂಡು ಹಾಕಿಕೊಳ್ಳಲು ಆಗದವಳು ಬಳಗಾನೂರಿನಲ್ಲಿ ನೀನೊಬ್ಬಳೇ ಇರಬೇಕು.

ಆದರೆ ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಇದಕ್ಕಲ್ಲ. ಅದು ಆಮೇಲೆ.

ಮೂರು ಅಡಿ, ಮೂರು ಅಡಿ ಎಂದು ನೀನು ಹೇಳುತ್ತಲೇ ಇದ್ದೆ. ನಾನು ಪರಾತದ ಹಿಟ್ಟು ಹರವಿ ಬೆರಳಿನಿಂದ ಚೌಕ ಬರೆದೆ. ಹಗ್ಗ ಒಂದು ಕಡೆ ಮಾತ್ರ ಉದ್ದವಾಗುವುದಿಲ್ಲ, ಉದ್ದಕ್ಕೂ ಮೂರು, ಅಗಲಕ್ಕೂ ಮೂರು ಎಂದೆ. ಗೆರೆಯ ಹೊರಗೆ ಎರಡು ಪಟ್ಟಿ ಬರೆದು, ಮೂಲೆಯಲ್ಲಿ ಒಂದು ಸಣ್ಣ ಚೌಕ ಬರೆದು ತೋರಿಸಿದೆ. ಈ ಪಟ್ಟಿಗಳನ್ನೆಲ್ಲ ಸೇರಿಸುತ್ತಾ ಹೋದರೆ ಐದು ಗುಂಟೆಗೆ ಒಂದು ಗುಂಟೆ ಆಗುತ್ತದೆ ಎಂದೆ. ಐದು ಎಕರೆ ಹಚ್ಚಿದೆವು ಎಂದು ಮನೆಗೆ ಬಂದವರು ಹತ್ತಿರ ಹತ್ತಿರ ಆರು ಎಕರೆ ಹಚ್ಚಿರುತ್ತಾರೆ. ಹತ್ತೆಕರೆಯ ಹೊಲ ನಿನ್ನ ಹಗ್ಗಕ್ಕೆ ಎಂಟೂವರೆಯೂ ಬರುವುದಿಲ್ಲ. "ಬದು, ಕಾಲುವಿ ಕಳೀಬೇಕಲ್ಲ" ಎಂದು ನರಸಣ್ಣ ಪ್ರತಿ ಸಲ ಹೇಳುವುದು ಅದಕ್ಕೇ.

ನಿನ್ನ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂತು, ನೀನು ತಿರುವಲಿಲ್ಲ. ನಿನ್ನ ಮುಖ ನೋಡಿದೆ. ನಿನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮೂರು ಅಡಿ ಕೊಟ್ಟೆ ಎಂದುಕೊಂಡಿದ್ದೆ, ಆರನೇ ಎಕರೆಯನ್ನೇ ಕೊಟ್ಟಿದ್ದೆ. ನರಸಣ್ಣನಿಗೆ ಗೊತ್ತಿತ್ತು. ನಿನ್ನ ಆಸೆಗೆ ಅವನು ಹಾಕಿದ ಹಗ್ಗ ನಿನ್ನದಕ್ಕಿಂತ ಉದ್ದವಿತ್ತು. ಆ ಒಂದು ಗಳಿಗೆ ನನಗೆ ನಿನ್ನ ಮೇಲೆ ಅಯ್ಯೋ ಎನಿಸಿತು. ನಿನ್ನ ಭುಜ ಮುಟ್ಟಬೇಕೆಂದು ಕೈ ಚಾಚಿದ್ದೆ ಕೂಡ.

ಆಗ ನೀನು ಹೆಂಚಿನ ರೊಟ್ಟಿ ತೆಗೆದು ಅಂಗಳದ ಆಡಿಗೆ ಎಸೆದು, ಹಿಟ್ಟಿನ ಮೇಲಿನ ಚೌಕವನ್ನು ಅಂಗೈಯಿಂದ ಒರೆಸಿ, "ಆತು, ಈ ಹಂಗಾಮು ಮುಗೀಲಿ, ನೋಡಮು" ಎಂದೆ.

ಗೊತ್ತಾದ ಮೇಲೆ ಅವ್ವ. ಗೊತ್ತಾದ ಮೇಲೆ ಹಾಗೆಂದೆ. ಗೊತ್ತಿಲ್ಲದೆ ಮಾಡಿದ್ದಕ್ಕೆ ನಾನು ಒಂದು ವಾರ ಅನ್ನ ಬಿಡುವವಳಲ್ಲ. ಇನ್ನೂ ದಢೇಸುಗೂರು ಕಡೆ ಧಣಿಯ ಹನ್ನೆರಡು ಎಕರೆ ಬಾಕಿ ಇದೆ, ಅದನ್ನೂ ಹಚ್ಚಿ ಮುಗಿಸಿ ಆಮೇಲೆ ಒಳ್ಳೆಯವಳಾಗೋಣ ಎಂದು ಲೆಕ್ಕ ಹಾಕಿದೆಯಲ್ಲ. ಬೋರಮಾಳಕ್ಕೆ ಇನ್ನೆಷ್ಟು ಗುಂಡು ಬೇಕಿತ್ತು?

ನಾನು ಜೋರಾಗಿ ಕೂಗಾಡಿದೆ. ನಾಳೆಯೇ ಗ್ಯಾನಮ್ಮಾಯಿಗೆ ಹೇಳುತ್ತೇನೆ ಎಂದೆ. ನೀನು ಕೂಗಲಿಲ್ಲ. ನನ್ನ ಎಡಗೈ ಮುಂಗೈ ಕಡೆ ನೋಡಿದೆ. ಸುಮ್ಮನೆ ನೋಡಿದೆ. ಆಮೇಲೆ ಹೊಸ ರೊಟ್ಟಿ ಬಡಿಯಲು ಶುರು ಮಾಡಿದೆ. ಯಾಕೆ ಹಾಗೆ ನೋಡಿದೆ ಎಂದು ನನಗೆ ತಿಳಿಯಲಿಲ್ಲ. ನನಗೆ ಮೊದಲೇ ಗೊತ್ತಿದ್ದರೆ ಅವತ್ತೇ ಗುಂಪಿನ ಎದುರು ಹೇಳಿಬಿಡುತ್ತಿದ್ದೆ. ನನಗೆ ಏನೂ ಗೊತ್ತಿರಲಿಲ್ಲ. ಈ ಸಾಲನ್ನು ಎರಡು ಸಲ ಓದು.

ಭಾನುವಾರ ಬೆಳಿಗ್ಗೆ ನೀನು ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿ ಕೊಟ್ಟೆ. ನಾನು ಬೇಡ ಎನ್ನಲಿಲ್ಲ. ಗ್ಯಾನಮ್ಮಾಯಿಯ ಮನೆಯ ಮುಂದೆಯೇ ನಡೆದು ಬಸ್‌ಸ್ಟ್ಯಾಂಡಿಗೆ ಬಂದೆ. ಅವಳು ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಬೇವಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು. "ಹೊಂಟೀಯೇನವ್ವ? ಚಂದಾಗಿ ಓದು" ಎಂದಳು. ಹ್ಞೂಂ ಎಂದು ಬಂದುಬಿಟ್ಟೆ. ನಿನಗೆ ಬೈಯಲು ನಾಲಿಗೆ ಇದ್ದವಳಿಗೆ ಅವಳ ಎದುರು ನಾಲಿಗೆ ಬರಲಿಲ್ಲ.

ಈಗ ಕೇಳು. ಬರುವ ಭಾನುವಾರ ದಢೇಸುಗೂರಿನ ನಾಟಿ ಶುರು ಎಂದು ಅಪ್ಪ ಫೋನಿನಲ್ಲಿ ಹೇಳಿದ. ಗುಂಪನ್ನು ಒಯ್ಯುವ ಟಂಟಂ ಗಾಡಿ ಬೆಳಿಗ್ಗೆ ಆರು ಗಂಟೆಗೆ ಹೊರಡುತ್ತದಂತೆ. ಅದಕ್ಕೆ ಮೊದಲು ನೀನು ಎಲ್ಲರನ್ನೂ ಕೂಡಿಸಿ ಹೇಳಬೇಕು. ನೀನೇ. ಕುಡುಗೋಲಿನಿಂದ ಎಲ್ಲರ ಎದುರು ಆ ಮೂರು ಅಡಿ ಕತ್ತರಿಸಬೇಕು. ಗುಂಪು ನಿನ್ನನ್ನು ಬೈಯುತ್ತದೆ. ಬೈಯಲಿ. ಹಸೀನಾಬೀ ಚಿಕ್ಕಮ್ಮ ಬೈದರೆ ಊರೇ ಕೇಳುತ್ತದೆ, ಕೇಳಲಿ. ಇನ್ನು ಮೇಲೆ ನಿನ್ನನ್ನು ಮೇಸ್ತ್ರಿ ಎಂದು ಕರೆಯದೇ ಇರಬಹುದು. ನರಸಣ್ಣ ಬೇರೆ ಗುಂಪು ತರುತ್ತೇನೆ ಎನ್ನುತ್ತಾನೆ. ಸಸಿ ಮಡಿಯಲ್ಲಿ ಬಲಿತು ನಿಂತಿದೆ, ಆಗಸ್ಟ್ ಮುಗಿಯುತ್ತಿದೆ, ಈಗ ಯಾವ ಗುಂಪು ಖಾಲಿ ಇದೆ? ಇದು ನಿನಗೂ ಗೊತ್ತು, ಅವನಿಗೂ ಗೊತ್ತು. ಅವನ ಮಾತಿಗೆ ಹೆದರುವವರ ಹಾಗೆ ನಟಿಸಬೇಡ.

ನೀನು ಹೇಳದಿದ್ದರೆ ನಾನು ಹೇಳುತ್ತೇನೆ ಎಂದು ಬರೆಯಬೇಕೆಂದಿದ್ದೆ. ಈ ಪತ್ರವನ್ನು ಅದಕ್ಕೇ ಶುರು ಮಾಡಿದೆ. ಆದರೆ ಪುಟ ತುಂಬುತ್ತಾ ಬಂದ ಹಾಗೆ ಆ ಸಾಲು ಬರೆಯಲು ಕೈ ಬರುತ್ತಿಲ್ಲ.

ಅಪ್ಪನಿಗೆ ಬೀಡಿ ಕಡಿಮೆ ಮಾಡಲು ಹೇಳು. ಬೆರಳಿನ ಗಾಯ ಒಣಗಿದೆ.

ನಿನ್ನ ಮಗಳು,
ಜಯಶ್ರೀ

ಮರೆತದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿಕೊಂಡದ್ದು:

ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಎರಡು ಸಲ ಓದು ಎಂದೆನಲ್ಲ, ಆ ಸಾಲು. ಹೊಡೆದು ಹಾಕಲಿಲ್ಲ, ನೀನು ನೋಡಲೆಂದು ಬಿಟ್ಟಿದ್ದೇನೆ.

ನೈಲಾನ್ ಹಗ್ಗ ಬಂದ ಸಂಕ್ರಾಂತಿಯಲ್ಲಿ ನಾನು ಎಂಟನೇ ಕ್ಲಾಸ್. ಮೊದಲ ದಿನ ಆ ತುದಿ ಹಿಡಿದು ನಡೆದಾಗಲೇ ಪುಂಡಿ ಹಗ್ಗಕ್ಕಿಂತ ಒಂದು ಹೆಜ್ಜೆ ಹೆಚ್ಚಾಯಿತು. ನಿನ್ನನ್ನು ಕೇಳಲಿಲ್ಲ. ನರಸಣ್ಣನನ್ನು ಕೇಳಿದೆ. ಅವನು ನಕ್ಕು, "ಭಾಳ ಶಾಣ್ಯಾಕಿ ಅದೀ. ಶಾಣ್ಯಾಕಿಗೆ ಟೈಮ್ ಗೊತ್ತಾಗಬೇಕಲ್ಲ" ಎಂದು ಮರುದಿನ ಗುಲಾಬಿ ಬೆಲ್ಟಿನ ವಾಚ್ ತಂದುಕೊಟ್ಟ. ಹಾಸ್ಟೆಲಿನಲ್ಲಿ ನಮ್ಮ ರೂಮಿನಲ್ಲಿ ಯಾರ ಕೈಯಲ್ಲೂ ವಾಚ್ ಇರಲಿಲ್ಲ. ಅವತ್ತು ಸಂಜೆ ಗ್ಯಾನಮ್ಮಾಯಿ ಕೆಸರು ಕೈಯಿಂದ ಹಗ್ಗ ಮುಟ್ಟಿ ನೋಡಿ, ನಿನ್ನನ್ನು ಕೇಳಲಿಲ್ಲ, ಓದುವ ಹುಡುಗಿ ಎಂದು ನನ್ನನ್ನೇ ಕೇಳಿದಳು, "ಬರೋಬ್ಬರಿ ಐತೇನವ್ವ?"

"ಬರೋಬ್ಬರಿ ಐತಿ ಆಯಿ" ಎಂದೆ. ನೀನು ಹಗ್ಗದ ಇನ್ನೊಂದು ತುದಿಯಲ್ಲಿ ನಿಂತು ಕೇಳಿಸಿಕೊಂಡೆ. ನಾವಿಬ್ಬರೂ ಇಷ್ಟು ವರ್ಷ ಅದರ ಬಗ್ಗೆ ಮಾತಾಡಿಲ್ಲ. ನನ್ನ ಮುಂಗೈಯನ್ನು ಯಾಕೆ ನೋಡಿದೆ ಎಂದು ನನಗೆ ಚೆನ್ನಾಗಿ ಗೊತ್ತು.

ವಾಚ್ ಇದೇ ಕವರಿನಲ್ಲಿದೆ. ಈಗಲೂ ಓಡುತ್ತದೆ. ಭಾನುವಾರ ಟಂಟಂ ಹೊರಡುವ ಮೊದಲು ನಾನು ಅಲ್ಲಿರುತ್ತೇನೆ, ಶನಿವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಹಗ್ಗದ ಒಂದು ತುದಿ ನೀನು ಹಿಡಿ, ಇನ್ನೊಂದು ತುದಿ ಯಾವತ್ತಿನ ಹಾಗೆ ನಾನೇ ಹಿಡಿಯುತ್ತೇನೆ. ಟೇಪು ಗ್ಯಾನಮ್ಮಾಯಿಯ ಕೈಯಲ್ಲಿರಲಿ.